ಮೊದಲು ಹಂಡೆ ಒಲೆ, ಆಮೇಲೆ ಸೋಲಾರ್

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮನೆಗಳಲ್ಲಿ ಮೂರು ತಾಪತ್ರಯಗಳು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಸೌದೆ ಮೊದಲಿನ ಹಾಗೆ ಸಿಗುವುದಿಲ್ಲ, ಸಿಗುವ ಕಡೆ ಆನೆಯ ಭಯ. ಸಿಲಿಂಡರ್ ಇದೆ, ಆದರೆ ಮತ್ತೆ ತುಂಬಿಸುವ ದುಡ್ಡಿಗೆ ಹೆದರಿ ಅದನ್ನು ನೆಂಟರು ಬಂದಾಗಲೋ ಮಳೆಗಾಲಕ್ಕೋ ಎಂದು ಎತ್ತಿಡುತ್ತಾರೆ. ಬೇಸಿಗೆ ಬಂತೆಂದರೆ ಬೋರಿನ ಮೋಟರು ಸುಡುತ್ತದೆ. ಇದಕ್ಕೆಲ್ಲ ದಾರಿ ಏನು ಎಂದು ಯಾರನ್ನಾದರೂ ಕೇಳಿ ನೋಡಿ, ಬರುವ ಮೊದಲ ಮಾತು ‘ಸೋಲಾರ್ ಹಾಕಿಸಿ’ ಎಂದೇ.

ಸೋಲಾರ್ ಒಳ್ಳೆಯದು. ಆದರೆ ಅದರಿಂದ ಶುರು ಮಾಡಿದರೆ ದುಡ್ಡು ಖರ್ಚಾಗುತ್ತದೆಯೇ ಹೊರತು ತಾಪತ್ರಯ ಹಾಗೇ ಉಳಿಯುತ್ತದೆ. ಹಳ್ಳಿಯ ಮನೆಯಲ್ಲಿ ಶಕ್ತಿಯ ದೊಡ್ಡ ಪಾಲು ಖರ್ಚಾಗುವುದು ದೀಪಕ್ಕಲ್ಲ, ಟಿವಿಗಲ್ಲ. ನೀರು ಕಾಯಿಸುವುದಕ್ಕೆ, ಅನ್ನ ಸಾರು ಬೇಯಿಸುವುದಕ್ಕೆ, ಹೊಲಕ್ಕೆ ನೀರೆತ್ತುವುದಕ್ಕೆ. ಉಳಿತಾಯವೂ ಅಲ್ಲಿಂದಲೇ ಆರಂಭವಾಗಬೇಕು. ಈ ಲೇಖನ ಹೇಳುವುದು ಆ ಕ್ರಮವನ್ನು.

ಶಕ್ತಿಯ ವಿಚಾರದಲ್ಲಿ ನಮ್ಮ ಸೀಮೆಗೆ ಹಳೆಯ ಚರಿತ್ರೆಯಿದೆ. ಕಾವೇರಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುವ ಶಿವನಸಮುದ್ರದಲ್ಲಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಜಲವಿದ್ಯುತ್ ಕೇಂದ್ರ 1902ರ ಜೂನ್‌ನಲ್ಲಿ ಕರೆಂಟು ಕೊಟ್ಟಿತು. ಆ ಕರೆಂಟು ಮೊದಲು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಬೆಳಕಾಯಿತು. ಭರಚುಕ್ಕಿ ಬೀಳುವುದು ಕೊಳ್ಳೇಗಾಲದ ಕಡೆಯ ದಡದಲ್ಲೇ, ಆದರೆ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಇವತ್ತು ತಂತಿ ಬಹುತೇಕ ಊರುಗಳಿಗೆ ಬಂದಿದೆ. ಬಚ್ಚಲು ಮನೆಯ ಒಲೆ ಮಾತ್ರ ಇನ್ನೂ ಸೌದೆಯನ್ನೇ ತಿನ್ನುತ್ತಿದೆ.

ಸೌದೆ ಎಲ್ಲಿಗೆ ಹೋಗುತ್ತದೆ?

ಒಂದು ಸಣ್ಣ ಲೆಕ್ಕ ಮಾಡೋಣ. ಸ್ನಾನಕ್ಕೆ ಒಬ್ಬರಿಗೆ 15 ಲೀಟರಿನ ಒಂದು ಬಕೆಟ್ ಬಿಸಿನೀರು ಸಾಕು ಎಂದುಕೊಳ್ಳಿ. ತಣ್ಣೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋ ಕ್ಯಾಲರಿ ಶಾಖ ಬೇಕು. ಅಂದರೆ ಬಕೆಟ್ಟಿಗೆ 300 ಕಿಲೋ ಕ್ಯಾಲರಿ. ಚೆನ್ನಾಗಿ ಒಣಗಿದ ಒಂದು ಕೆ.ಜಿ. ಸೌದೆಯಲ್ಲಿ ಸುಮಾರು 3,500 ಕಿಲೋ ಕ್ಯಾಲರಿ ಇರುತ್ತದೆ. ಬೆಂಕಿಯ ಶಾಖವೆಲ್ಲ ನೀರಿಗೇ ಸೇರುವುದಾದರೆ ಒಂದು ಬಕೆಟ್ಟಿಗೆ 85 ಗ್ರಾಂ ಸೌದೆ ಸಾಕು, ಒಂದು ಹಿಡಿ ಕಡ್ಡಿ.

ನಿಮ್ಮ ಮನೆಯಲ್ಲಿ ಹಿಡಿ ಕಡ್ಡಿಯಲ್ಲಿ ನೀರು ಕಾಯುತ್ತದೆಯೇ? ಇಲ್ಲ. ಮೂರು ಕಲ್ಲಿಟ್ಟ ಒಲೆಯಲ್ಲಿ, ಬಾಯಿ ತೆರೆದ ಹಂಡೆ ಒಲೆಯಲ್ಲಿ ಪಾತ್ರೆಗೆ ಸೇರುವುದು ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮಾತ್ರ. ಉಳಿದದ್ದು ಗಾಳಿಗೆ, ಗೋಡೆಗೆ, ನೆಲಕ್ಕೆ, ಅರ್ಧ ಉರಿದ ಹೊಗೆಗೆ. ಹಾಗಾಗಿ ಹತ್ತೇ ಪಾಲು ಸೇರುವ ಒಲೆಯಲ್ಲಿ 85 ಗ್ರಾಂ ಆಗಬೇಕಾದ ಕಡೆ ಮುಕ್ಕಾಲು ಕೆ.ಜಿ.ಗೂ ಮೇಲೆ ಉರಿಯುತ್ತದೆ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಮೂರೂವರೆ ಕೆ.ಜಿ., ತಿಂಗಳಿಗೆ ಸುಮಾರು ನೂರು ಕೆ.ಜಿ. ಇದು ಬರೀ ಸ್ನಾನದ ನೀರಿಗೆ. ಅಡುಗೆಯ ಸೌದೆ ಬೇರೆ.

ಈ ನೂರು ಕೆ.ಜಿ.ಯನ್ನು ನಲವತ್ತಕ್ಕೆ ಇಳಿಸುವುದು ಸಾಧ್ಯ. ಅದಕ್ಕೆ ಕಾಡು ಬೇಡ, ಸರ್ಕಾರದ ಆದೇಶ ಬೇಡ, ದುಬಾರಿ ಯಂತ್ರ ಬೇಡ. ಶಾಖ ತಪ್ಪಿಸಿಕೊಳ್ಳುವ ಜಾಗಗಳನ್ನು ಮುಚ್ಚಬೇಕು, ಅಷ್ಟೇ. ಒಂದು ಕಡೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ 2013ರಲ್ಲಿ ವನ್ಯಜೀವಿ ಧಾಮವಾದ ಮಲೆ ಮಹದೇಶ್ವರ ಬೆಟ್ಟ, ಜೊತೆಗೆ ಕಾವೇರಿ ವನ್ಯಜೀವಿ ಧಾಮ. ಇವುಗಳ ನಡುವೆ ಬದುಕುವ ನಮಗೆ ಉಳಿದ ಪ್ರತಿ ಹೊರೆ ಸೌದೆಯೂ ಒಬ್ಬ ತಾಯಿ ಕಾಡಿಗೆ ಹೋಗುವ ಒಂದು ದಿನವನ್ನು ತಪ್ಪಿಸುತ್ತದೆ.

ಮಾಡಬೇಕಾದ್ದು, ಕ್ರಮವಾಗಿ

1. ಒಂದು ವಾರ ತೂಗಿ ಬರೆದಿಡಿ. ಬೆಳಗ್ಗೆ ಒಲೆ ಹಚ್ಚುವ ಮೊದಲು ಆ ದಿನದ ಸೌದೆಯನ್ನು ತೂಕ ಮಾಡಿ ಬೇರೆ ಇಡಿ. ರಾತ್ರಿ ಉಳಿದದ್ದನ್ನು ತೂಗಿ. ಅಡುಗೆಗೆ ಎಷ್ಟು, ಬಚ್ಚಲಿಗೆ ಎಷ್ಟು ಎಂದು ಎರಡು ಸಾಲು ಮಾಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಸಿಲಿಂಡರ್ ಹಚ್ಚಿದ ತಾರೀಖು, ಮುಗಿದ ತಾರೀಖು, ಕರೆಂಟ್ ಬಿಲ್ಲಿನ ಯೂನಿಟ್ಟು, ಮೋಟರು ಓಡಿದ ಗಂಟೆ, ಇವೂ ಇರಲಿ. ಎಷ್ಟೋ ಮನೆಗಳಲ್ಲಿ ಅಡುಗೆಗಿಂತ ಬಚ್ಚಲು ಒಲೆಯೇ ಹೆಚ್ಚು ಸೌದೆ ತಿನ್ನುತ್ತಿರುವುದು ತೂಗಿದ ಮೇಲೆಯೇ ಗೊತ್ತಾಗುವುದು.

2. ಸೌದೆಯನ್ನು ಒಣಗಿಸಿ, ಸೀಳಿ. ಈಗತಾನೇ ಕಡಿದ ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧ ನೀರು. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು, ಆಮೇಲೆ ನಿಮ್ಮ ಅನ್ನ. ಅದೇ ತೂಕದ ಒಣ ಸೌದೆ ಕೊಡುವ ಶಾಖದಲ್ಲಿ ಹಸಿಯದು ಅರ್ಧವನ್ನಷ್ಟೇ ಕೊಡುತ್ತದೆ, ಹೊಗೆಯನ್ನು ಮಾತ್ರ ಧಾರಾಳವಾಗಿ. ಸೌದೆಯನ್ನು ಹೆಬ್ಬೆರಳಿನಿಂದ ಮಣಿಕಟ್ಟಿನ ದಪ್ಪಕ್ಕೆ ಸೀಳಿ, ನೆಲದಿಂದ ಒಂದಡಿ ಎತ್ತರದಲ್ಲಿ, ಗಾಳಿಯಾಡುವ ಹಾಗೆ ಅಡ್ಡ ಉದ್ದ ಜೋಡಿಸಿ, ಮೇಲೆ ಮಾತ್ರ ತಗಡು ಮುಚ್ಚಿ. ಪಕ್ಕಗಳನ್ನು ಟಾರ್ಪಾಲಿನಿಂದ ಸುತ್ತಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ಮುಂಗಾರಿಗೆ ಬೇಕಾದ್ದನ್ನು ಶಿವರಾತ್ರಿ ಹೊತ್ತಿಗೇ ಸೀಳಿಟ್ಟರೆ ಎರಡು ಮೂರು ತಿಂಗಳ ಬಿಸಿಲು ಸಿಗುತ್ತದೆ. ನಾಳೆ ಉರಿಸುವ ಸೌದೆಯನ್ನು ಇವತ್ತು ಒಲೆಯ ಪಕ್ಕದ ಬೆಚ್ಚನೆಯ ಜಾಗದಲ್ಲಿ ಇಡುವ ಅಜ್ಜಿಯರ ಪದ್ಧತಿ ಸರಿಯಾದದ್ದೇ, ಬೆಂಕಿಗೆ ತೀರಾ ಹತ್ತಿರ ಇಡದಿದ್ದರೆ ಆಯಿತು.

ರೇಷ್ಮೆ ಸಾಕುವವರಿಗೆ ಮನೆಯಲ್ಲೇ ಸೌದೆಯಿದೆ. ರೆಂಬೆ ಸಮೇತ ಸೊಪ್ಪು ಹಾಕುವ ಪದ್ಧತಿಯಲ್ಲಿ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಒಣಗಿದರೆ ಒಳ್ಳೆಯ ಉರುವಲು. ಹನೂರಿನ ಕಡೆ ಖುಷ್ಕಿ ಹೊಲವಿದ್ದವರು ಬದುವಿನ ಮೇಲೆ ಗೊಬ್ಬರದ ಗಿಡ, ಹೆಬ್ಬೇವು ಹಾಕಬಹುದು. ಗೊಬ್ಬರದ ಗಿಡ ಕಡಿದಷ್ಟೂ ಚಿಗುರುತ್ತದೆ. ಸೊಪ್ಪು ಹೊಲಕ್ಕೆ, ಕಡ್ಡಿ ಒಲೆಗೆ.

ಕಾಡಂಚಿನಲ್ಲಿ ದಂಡಿಯಾಗಿ ಬೆಳೆದಿರುವ ಲಂಟಾನವನ್ನೂ ಮರೆಯಬಾರದು. ಮಲೆ ಮಹದೇಶ್ವರ ಬೆಟ್ಟದ ಸುತ್ತಮುತ್ತ ಏಟ್ರೀ ಸಂಸ್ಥೆಯ ನೆರವಿನಿಂದ ಸೋಲಿಗರು ಲಂಟಾನ ಕಡ್ಡಿಯಲ್ಲಿ ಕುರ್ಚಿ, ಮೇಜು, ಬುಟ್ಟಿ ಮಾಡುವುದನ್ನು ಕಲಿತು ಬಹಳ ಕಾಲವಾಯಿತು. ಅದಕ್ಕೆ ಬಾರದ ಕಡ್ಡಿ ಒಣಗಿದ ಮೇಲೆ ಚುರುಕಾಗಿ ಉರಿಯುತ್ತದೆ. ನಿಮ್ಮ ಹೊಲದ ಬದುವಿನದ್ದನ್ನು ಧಾರಾಳವಾಗಿ ಕಡಿಯಿರಿ. ಕಾಡಿನೊಳಗಿನದ್ದಾದರೆ ಅರಣ್ಯ ಇಲಾಖೆಯನ್ನು ಕೇಳದೆ ಕೈಹಾಕಬೇಡಿ.

3. ಅಡುಗೆ ಒಲೆ ಬದಲಾಯಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದೇ ಅದರ ಕೆಲಸ. ಅಲ್ಲಿ ಹುಟ್ಟಿದ್ದು ಅಸ್ತ್ರ ಒಲೆ. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದನ್ನು ಊರೂರಿಗೆ ಹಬ್ಬಿಸಿತು. ಕಾಲ ಕಳೆದ ಹಾಗೆ ಹಲವು ಒಲೆಗಳು ಒಡೆದುಹೋದವು, ಕಟ್ಟುವವರೂ ಕಡಿಮೆಯಾದರು. ಆದರೆ ಅದರ ಹಿಂದಿನ ತತ್ವ ಇಂದಿಗೂ ಹಳತಾಗಿಲ್ಲ. ಹಳೆಯ ಒಲೆ ಹತ್ತು ಪಾಲು ಶಾಖ ಕೊಡುವ ಕಡೆ ಚೆನ್ನಾಗಿ ಕಟ್ಟಿದ ಅಸ್ತ್ರ ಒಲೆ ಮೂವತ್ತು ಪಾಲು ಕೊಡುತ್ತದೆ.

ತತ್ವ ಗೊತ್ತಿದ್ದರೆ ನಿಮ್ಮ ಊರಿನ ಗಾರೆಯವರಿಂದಲೇ ಕಟ್ಟಿಸಬಹುದು. ಬೆಂಕಿಯ ಕೆಳಗೆ ಕಬ್ಬಿಣದ ಜಾಲರಿ ಇರಬೇಕು. ಗಾಳಿ ಕೆಳಗಿನಿಂದ ಕೆಂಡದೊಳಕ್ಕೆ ನುಗ್ಗಿದಾಗ ಹೊಗೆಯೂ ಉರಿದು ಶಾಖವಾಗುತ್ತದೆ, ಬೂದಿ ಕೆಳಗೆ ಬೀಳುತ್ತದೆ. ಸೌದೆ ಹಾಕುವ ಬಾಯಿ ಚಿಕ್ಕದಾಗಿರಬೇಕು, ಮುಚ್ಚುವಂತಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ದೊಡ್ಡ ಬಾಯಿಂದ ತಣ್ಣನೆಯ ಗಾಳಿ ನುಗ್ಗಿ ಬೆಂಕಿಯನ್ನು ತಣಿಸುತ್ತದೆ. ಪಾತ್ರೆಗಳು ಒಲೆಯ ಮೇಲೆ ಕೂರಬಾರದು, ಒಲೆಯ ಕುಳಿಯೊಳಗೆ ಇಳಿದು ಕೂರಬೇಕು. ಆಗ ತಳ ಮಾತ್ರವಲ್ಲ, ಪಕ್ಕಗಳೂ ಕಾಯುತ್ತವೆ. ಮೊದಲ ಪಾತ್ರೆಯಿಂದ ಹೊರಟ ಬಿಸಿ ಗಾಳಿ ಎರಡನೆಯದಕ್ಕೆ, ಮೂರನೆಯದಕ್ಕೆ ತಗುಲಿ ಕೊನೆಗೆ ಹೊಗೆ ಕೊಳವೆಯಿಂದ ಸೂರಿನ ಮೇಲಕ್ಕೆ ಹೋಗಬೇಕು.

ನಿಮ್ಮ ಮನೆಯಲ್ಲಿ ದಿನಾ ಬಳಸುವ ಪಾತ್ರೆಗಳನ್ನು ಗಾರೆಯವರ ಮುಂದಿಟ್ಟೇ ಕುಳಿ ಮಾಡಿಸಿ. ಮುದ್ದೆ ಪಾತ್ರೆ ಮೊದಲ ಕುಳಿಗೆ ಸರಿಯಾಗಿ ಕೂರಬೇಕು. ಮುದ್ದೆ ತಿರುವುವಾಗ ಬಲ ಹಾಕಬೇಕಾಗುತ್ತದೆ, ಪಾತ್ರೆ ಅಲ್ಲಾಡಿದರೆ ಒಲೆಯ ಅಂಚು ಒಡೆಯುತ್ತದೆ. ಆ ಕುಳಿಯ ಅಂಚಿಗೆ ಕಬ್ಬಿಣದ ಬಳೆ ಹಾಕಿಸುವುದು ಅಗತ್ಯ. ಈ ಒಂದು ಅಂಶ ಮರೆತ ಒಲೆಗಳು ಬಹಳ ದಿನ ಬಾಳುವುದಿಲ್ಲ.

4. ಹಂಡೆ ಒಲೆಯನ್ನು ಸರಿಮಾಡಿ. ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಾದರೆ ಇದನ್ನು ಮಾಡಿ. ಹಂಡೆಯ ಸುತ್ತ ಇಟ್ಟಿಗೆ, ಜೇಡಿಮಣ್ಣಿನ ಗೋಡೆ ಏರಿಸಿ, ಹಂಡೆಗೂ ಗೋಡೆಗೂ ನಡುವೆ ಒಂದು ಬೆರಳಗಲ ಮಾತ್ರ ಸಂದು ಬಿಡಿ. ಬಿಸಿ ಗಾಳಿ ಆ ಸಂದಿನಲ್ಲಿ ಹಂಡೆಯನ್ನು ಸುತ್ತಿಕೊಂಡೇ ಹಿಂದಿನ ಹೊಗೆ ಕೊಳವೆಗೆ ಹೋಗಬೇಕು. ಮೇಲಿನ ಅಂಚನ್ನು ಮಣ್ಣಿನಿಂದ ಮುಚ್ಚಿ. ಕೆಳಗೆ ಜಾಲರಿ ಇರಲಿ. ಹಂಡೆಗೆ ಮುಚ್ಚಳ ಕಡ್ಡಾಯ, ತೆರೆದ ಬಾಯಿಂದ ಆವಿಯಾಗಿ ಹೋಗುವುದು ನೀವು ಹೊತ್ತು ತಂದ ಸೌದೆಯೇ. ಹಂಡೆಯ ಹೊರಗಿನ ಮಸಿಯನ್ನೂ ಒಳಗಿನ ಬಿಳಿ ಉಪ್ಪಿನ ಪದರವನ್ನೂ ಆಗಾಗ ಉಜ್ಜಿ ತೆಗೆಯಿರಿ. ಬೋರ್ ನೀರು ಗಡುಸಾಗಿರುವ ಕಡೆ ಆ ಪದರ ಬೇಗ ದಪ್ಪವಾಗಿ ಶಾಖವನ್ನು ತಡೆಯುತ್ತದೆ.

ಇದಕ್ಕಿಂತ ಅಗ್ಗದ ಉಪಾಯ ಬಿಸಿಲು. ಸ್ನಾನಕ್ಕೆ ನೀರನ್ನು 20 ಡಿಗ್ರಿ ಏರಿಸಬೇಕೆಂದು ಲೆಕ್ಕ ಹಾಕಿದೆವಲ್ಲ, ಅದರಲ್ಲಿ 10 ಡಿಗ್ರಿಯನ್ನು ಸೂರ್ಯನೇ ಏರಿಸಿದರೆ ಸೌದೆ ಅರ್ಧಕ್ಕೆ ಇಳಿಯುತ್ತದೆ. ಮುಚ್ಚಳವಿರುವ ಕಪ್ಪು ಡ್ರಮ್ಮನ್ನು ಬೆಳಗ್ಗೆ ತುಂಬಿ ದಿನವಿಡೀ ಬಿಸಿಲು ಬೀಳುವ ಕಡೆ ಇಡಿ. ಹೊಲದಿಂದ ಬಂದವರು ಸಂಜೆಯೇ ಸ್ನಾನ ಮಾಡುವ ಮನೆಯಾದರೆ ಬೇಸಿಗೆಯಲ್ಲಿ ಒಲೆಯನ್ನೇ ಹಚ್ಚಬೇಕಾಗಿಲ್ಲ.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮನೆಗೆ ಬರಬೇಕಾದ ಮೊದಲ ಸೋಲಾರ್ ಎಂದರೆ 100 ಲೀಟರಿನ ಸೋಲಾರ್ ವಾಟರ್ ಹೀಟರ್. ಕರೆಂಟ್ ಪ್ಯಾನೆಲ್ ಆಮೇಲೆ. ಗಡುಸು ನೀರಿನ ಊರುಗಳಲ್ಲಿ ತಾಮ್ರದ ಸಣ್ಣ ಕೊಳವೆಗಳು ಉಪ್ಪು ಕಟ್ಟಿ ಮುಚ್ಚಿಕೊಳ್ಳುತ್ತವೆ, ಗಾಜಿನ ಕೊಳವೆಯ ಮಾದರಿ ಅಲ್ಲಿಗೆ ಹೆಚ್ಚು ಸೂಕ್ತ. ಹೀಟರಿನಿಂದ ಬಚ್ಚಲಿಗೆ ಬರುವ ಪೈಪು ಗಿಡ್ಡವಾಗಿರಲಿ, ಮೇಲೆ ಹೊದಿಕೆ ಇರಲಿ.

ನೀರು ಕಾಯಿಸುವ ಕರೆಂಟ್ ಕಾಯಿಲಿನ ವಿಚಾರದಲ್ಲಿ ಒಂದು ಮಾತು. ಒಂದು ಬಕೆಟ್ಟಿಗೆ ಸುಮಾರು 0.35 ಯೂನಿಟ್. ನಾಲ್ಕು ಜನಕ್ಕೆ ತಿಂಗಳಿಗೆ 42 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನವರೆಗೆ ಉಚಿತ ಎಂದರೂ, ನಿಮ್ಮ ಮನೆಗೆ ಎಷ್ಟು ಎಂಬುದು ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಹೊಸದಾಗಿ ಕಾಯಿಲ್ ತಂದ ಮನೆ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ.

5. ಬೇಯಿಸುವ ರೀತಿ ಬದಲಾಯಿಸಿ. ಕುದಿಯುವ ನೀರು ನೂರು ಡಿಗ್ರಿ ದಾಟುವುದಿಲ್ಲ. ಎಷ್ಟೇ ಉರಿ ಹಾಕಿದರೂ ಅನ್ನ ಬೇಗ ಬೇಯುವುದಿಲ್ಲ, ನೀರು ಬೇಗ ಆವಿಯಾಗುತ್ತದೆ ಅಷ್ಟೇ. ಕುದಿ ಬಂದ ಕೂಡಲೇ ಎರಡು ಸೌದೆ ಹಿಂದಕ್ಕೆಳೆಯಿರಿ, ಗ್ಯಾಸಾದರೆ ಸಣ್ಣ ಉರಿಗೆ ಇಳಿಸಿ. ಹುರುಳಿ, ಅಲಸಂದೆ, ಒಣ ಅವರೆಕಾಳನ್ನು ರಾತ್ರಿಯೇ ನೆನೆಹಾಕಿ. ಬೇಳೆ ಕಾಳಿಗೆ ಕುಕ್ಕರ್ ಇರಲಿ. ಸೌದೆ ಒಲೆಯ ಮೇಲೂ ಕುಕ್ಕರ್ ಇಡಬಹುದು, ಹಿಡಿಗೆ ಉರಿ ತಾಗದಂತೆ ನೋಡಿಕೊಳ್ಳಬೇಕು. ಹುಲ್ಲು ತುಂಬಿದ ಪೆಟ್ಟಿಗೆಯೂ ಒಂದು ಹಳೆಯ, ಒಳ್ಳೆಯ ಉಪಾಯ. ಅನ್ನದ ಪಾತ್ರೆ ಐದು ನಿಮಿಷ ಕುದಿದ ಮೇಲೆ ಮುಚ್ಚಳ ಹಾಕಿ, ಸುತ್ತಲೂ ಒಣ ಹುಲ್ಲು ಒತ್ತಿ ತುಂಬಿದ ಬುಟ್ಟಿಯೊಳಗಿಟ್ಟು ಮೇಲೆ ಹಳೆಯ ಕಂಬಳಿ ಹೊದಿಸಿ. ಮುಕ್ಕಾಲು ಗಂಟೆಯಲ್ಲಿ ತನ್ನ ಶಾಖದಲ್ಲೇ ಬೆಂದಿರುತ್ತದೆ. ಬಿಸಿಯಿದ್ದಾಗಲೇ ತೆಗೆದು ಉಣ್ಣಿ, ಉಗುರುಬೆಚ್ಚಗಾಗುವ ತನಕ ಒಳಗೇ ಬಿಟ್ಟರೆ ಅನ್ನ ಹಳಸುತ್ತದೆ.

6. ನಾಲ್ಕೈದು ದನವಿದ್ದರೆ ಗೋಬರ್ ಗ್ಯಾಸ್. ದಿನಕ್ಕೆ 25 ಕೆ.ಜಿ. ಸಗಣಿಯಿಂದ ಸುಮಾರು ಒಂದು ಘನ ಮೀಟರ್ ಅನಿಲ ಬರುತ್ತದೆ. ಐದಾರು ಜನರ ಅಡುಗೆಗೆ ಎರಡು ಘನ ಮೀಟರಿನ ಘಟಕ ಸಾಕು, ಅದಕ್ಕೆ ದಿನಾ 50 ಕೆ.ಜಿ. ಸಗಣಿ ಬೇಕು. ನಮ್ಮ ದನಗಳು ಹಗಲೆಲ್ಲ ಹೊರಗೆ ಮೇಯುವುದಾದರೆ ಕೊಟ್ಟಿಗೆಯಲ್ಲಿ ಸಿಗುವುದು ರಾತ್ರಿಯ ಸಗಣಿ ಮಾತ್ರ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸಗಣಿ ಸಾಲದೆ ನಿಂತುಹೋದ ಘಟಕಗಳಿಗೆ ದೊಡ್ಡ ಕಾರಣ ಇದೇ.

ಸಗಣಿಗೆ ಸಮ ಪ್ರಮಾಣದ ನೀರು ಕಲಸಿ, ಹುಲ್ಲು ಕಲ್ಲು ತೆಗೆದು ಹಾಕಿ. ಸೋಪಿನ ನೀರು, ಫಿನಾಯಿಲ್ ನೀರು ಒಳಗೆ ಹೋಗಕೂಡದು, ಅನಿಲ ಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಮೊದಲ ಸಲ ತುಂಬಿದ ಮೇಲೆ ಎರಡರಿಂದ ನಾಲ್ಕು ವಾರ ಕಾಯಬೇಕು. ಆರಂಭದಲ್ಲಿ ಬರುವ ಅನಿಲದಲ್ಲಿ ಗಾಳಿ ಬೆರೆತಿರುತ್ತದೆ, ಅದನ್ನು ಹಚ್ಚದೆ ಹೊರಗೆ ಬಿಟ್ಟುಬಿಡಿ. ಬಿಳಿಗಿರಿರಂಗನ ಬೆಟ್ಟದಂಥ ತಂಪು ಜಾಗದಲ್ಲಿ ಚಳಿಗಾಲಕ್ಕೆ ಅನಿಲ ಕಡಿಮೆಯಾಗುತ್ತದೆ. ಅಲ್ಲಿ ಘಟಕವನ್ನು ಮರದ ನೆರಳಲ್ಲಿ ಕಟ್ಟಿಸಬಾರದು. ಹೊರಬರುವ ಬಗ್ಗಡ ಹಿಪ್ಪುನೇರಳೆಗೆ, ಕಬ್ಬಿಗೆ, ಬಾಳೆಗೆ ಹದವಾದ ಗೊಬ್ಬರ. ಅದೊಂದಕ್ಕಾಗಿಯೇ ಘಟಕ ಕಟ್ಟಿಸಿದರೂ ನಷ್ಟವಿಲ್ಲ. ಸಹಾಯಧನ ಉಂಟೇ ಎಂದು ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿಯೇ ಕೆಲಸ ಶುರು ಮಾಡಿ. ಕಟ್ಟಿಸಿದ ಮೇಲೆ ಕೇಳಿದರೆ ಸಿಗುವುದು ಕಷ್ಟ.

7. ಮೋಟರಿನ ಹೊರೆ ಇಳಿಸಿ. ಐದು ಅಶ್ವಶಕ್ತಿಯ ಮೋಟರು ಪೂರ್ತಿ ಹೊರೆಯಲ್ಲಿ ಆರು ಗಂಟೆ ಓಡಿದರೆ 25 ಯೂನಿಟ್‌ಗೂ ಹೆಚ್ಚು ಎಳೆಯುತ್ತದೆ. ಸಾಧಾರಣ ಮನೆಯೊಂದರ ತಿಂಗಳ ಕರೆಂಟು ಇಲ್ಲಿ ಎರಡು ಮೂರು ದಿನಕ್ಕೆ ಮುಗಿಯುತ್ತದೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಬಿಲ್ಲು ಬಾರದ ಕಾರಣ ಈ ಖರ್ಚು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆದರೆ ಸುಟ್ಟ ಮೋಟರು ಎತ್ತಿಸಿ, ಕಾಯಿಲ್ ಸುತ್ತಿಸುವ ದುಡ್ಡು ನಮ್ಮದೇ. ಬತ್ತುವ ಬೋರೂ ನಮ್ಮದೇ.

ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು ಲೆಕ್ಕದ ಪ್ರಕಾರ 0.27 ಯೂನಿಟ್ ಸಾಕು. ಪಂಪು, ಮೋಟರು, ಪೈಪಿನಲ್ಲಿ ಆಗುವ ನಷ್ಟ ಸೇರಿ ಅದು ಎರಡು ಮೂರು ಪಟ್ಟಾಗುತ್ತದೆ. ಈ ನಷ್ಟದಲ್ಲಿ ಪೈಪಿನದು ನಮ್ಮ ಕೈಯಲ್ಲಿದೆ. ಎರಡು ಇಂಚಿನ ಪೈಪಿನ ಬದಲು ಎರಡೂವರೆ ಇಂಚಿನದು ಹಾಕಿದರೆ, ಅದೇ ನೀರಿಗೆ ಉಜ್ಜಾಟದ ನಷ್ಟ ಮೂರನೇ ಒಂದಕ್ಕೆ ಇಳಿಯುತ್ತದೆ. ದೂರದ ಗದ್ದೆಗೆ ಸಣ್ಣ ಪೈಪು ಎಳೆದು ‘ನೀರು ಬರಲ್ಲ, ದೊಡ್ಡ ಮೋಟರು ತರೋಣ’ ಎನ್ನುವುದಕ್ಕಿಂತ ಪೈಪು ಬದಲಾಯಿಸುವುದು ಮೇಲು. ಬೇಡದ ಬೆಂಡುಗಳನ್ನು ತೆಗೆಸಿ. ತಕ್ಕ ಕೆಪಾಸಿಟರ್ ಹಾಕಿಸಿ, ವೋಲ್ಟೇಜ್ ಕುಸಿಯುವುದು ಕಡಿಮೆಯಾಗುತ್ತದೆ. ಯಳಂದೂರು ಕಡೆ ಕಬ್ಬಿನ ತರಗನ್ನು ಗದ್ದೆಯಲ್ಲೇ ಸುಡುವ ಬದಲು ಸಾಲಿನ ನಡುವೆ ಹಾಸಿದರೆ ನೆಲದ ತೇವ ಉಳಿದು ಒಂದೆರಡು ಸಲ ನೀರು ಹಾಯಿಸುವುದು ತಪ್ಪುತ್ತದೆ. ಹಿಪ್ಪುನೇರಳೆ, ಬಾಳೆ, ಅರಿಶಿನಕ್ಕೆ ಹನಿ ನೀರಾವರಿ ಮಾಡಿದರೆ ಉಳಿಯುವುದು ನೀರು ಮಾತ್ರವಲ್ಲ, ಅದನ್ನು ಎತ್ತುವ ಕರೆಂಟೂ.

8. ಕೊನೆಗೆ ಕರೆಂಟ್ ಸೋಲಾರ್. ಒಂದು ಕಿಲೋವ್ಯಾಟಿನ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ನೆರಳಿಲ್ಲದ ನೂರು ಚದರಡಿ ಜಾಗ ಬೇಕು. ಕೊಳ್ಳೇಗಾಲ 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಹಾಗಾಗಿ ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ 12ರಿಂದ 15 ಡಿಗ್ರಿ ಓರೆಯಾಗಿರಬೇಕು. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ ನಿಗದಿಯಾಗಿದೆ. ಆದರೆ ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆ ಬರುತ್ತಿರುವ ಸಣ್ಣ ಮನೆಗೆ ಇದರಿಂದ ದುಡ್ಡಿನ ಲಾಭ ಅತಿ ಕಡಿಮೆ. ಅಂಗಡಿ, ಹಿಟ್ಟಿನ ಗಿರಣಿ, ಮಗ್ಗ, ಕಲ್ಯಾಣ ಮಂಟಪ ಇರುವವರು ಖಂಡಿತ ಯೋಚಿಸಬೇಕು.

ಬೆಟ್ಟದ ಸಣ್ಣ ಊರುಗಳಾದ ಪೋಡು, ದೊಡ್ಡಿಗಳ ಲೆಕ್ಕ ಬೇರೆ. ತಂತಿ ಬಾರದ ಕಡೆ ಒಂದು ಸಣ್ಣ ಪ್ಯಾನೆಲ್, ಬ್ಯಾಟರಿ, ಮೂರು ಎಲ್‌ಇಡಿ ದೀಪ ಇದ್ದರೆ ಮಕ್ಕಳ ಓದು ನಡೆಯುತ್ತದೆ, ರಾತ್ರಿ ಅಂಗಳಕ್ಕೆ ಬಂದ ಆನೆ ಕಾಣುತ್ತದೆ. ಅಲ್ಲಿ ಸೋಲಾರ್ ಮೊದಲ ಹೆಜ್ಜೆಯೇ ಆಗಲಿ. ಕೆಡುವುದು ಪ್ಯಾನೆಲ್ ಅಲ್ಲ, ಬ್ಯಾಟರಿ. ನೀರು ಹಾಕುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ದೀಪ ಮಂಕಾದ ಮೇಲೂ ಎಳೆಯಬಾರದು. ನಾಲ್ಕೈದು ವರ್ಷಕ್ಕೆ ಹೊಸ ಬ್ಯಾಟರಿ ಬೇಕಾಗುತ್ತದೆ, ಅದಕ್ಕೆ ಪ್ರತಿ ತಿಂಗಳೂ ಸ್ವಲ್ಪ ದುಡ್ಡು ಸಂಘದಲ್ಲಿ ಎತ್ತಿಡುವುದೇ ಉತ್ತಮ.

ರೇಷ್ಮೆ ನೂಲು ತೆಗೆಯುವವರಿಗೆ

ಕೊಳ್ಳೇಗಾಲ ಹೆಸರಾದದ್ದು ರೇಷ್ಮೆಯಿಂದ. ಗೂಡು ಬೇಯಿಸುವುದು, ಬೇಸಿನ್ನಿನ ನೀರನ್ನು ಬಿಸಿಯಾಗಿ ಇಡುವುದು, ಇವೆರಡೂ ಶಾಖದ ಕೆಲಸವೇ. 25 ಡಿಗ್ರಿಯ ನೀರನ್ನು 95ಕ್ಕೆ ಏರಿಸಲು 70 ಡಿಗ್ರಿಯಷ್ಟು ಬೆಂಕಿ ಬೇಕು. ಸೋಲಾರ್ ಹೀಟರಿನಿಂದ 60 ಡಿಗ್ರಿಯ ನೀರನ್ನೇ ಗೂಡು ಬೇಯಿಸಲು ಕೊಟ್ಟರೆ ಹೊಸ ನೀರಿಗೆ ಬೇಕಾದ ಸೌದೆ ಅರ್ಧಕ್ಕೆ ಇಳಿಯುತ್ತದೆ. ಬಾಯ್ಲರಿನಿಂದ ಹೊರಟ ಹಬೆ ಪೈಪುಗಳಿಗೆ ಹೊದಿಕೆ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಕೈ ಇಡಲಾಗದಷ್ಟು ಬಿಸಿಯಿರುವ ಪ್ರತಿ ಅಡಿ ಪೈಪೂ ಹಗಲೆಲ್ಲ ಸೌದೆ ನುಂಗುತ್ತಿರುತ್ತದೆ. ಸೌದೆಯನ್ನು ಒಂದು ತಿಂಗಳು ಮುಂಚೆ ಕೊಂಡು ಒಣಗಿಸಲು ಜಾಗವಿಲ್ಲದ ಘಟಕಗಳು ನಾಲ್ಕಾರು ಮಂದಿ ಸೇರಿ ಒಂದು ಶೆಡ್ಡು ಮಾಡಿಕೊಳ್ಳಬಹುದು.

ಎಚ್ಚರ

ಗೋಬರ್ ಗ್ಯಾಸ್ ಗುಂಡಿಯೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ, ಇಳಿದವರನ್ನು ಎತ್ತಲು ಇನ್ನೊಬ್ಬರೂ ಇಳಿಯಬೇಡಿ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಕ್ಷಣದಲ್ಲಿ ಪ್ರಜ್ಞೆ ತಪ್ಪುತ್ತದೆ. ಅನಿಲ ಸೋರುತ್ತಿದೆಯೇ ಎಂದು ನೋಡಲು ಸೋಪಿನ ನೊರೆ ಹಚ್ಚಿ, ಬೆಂಕಿ ಕಡ್ಡಿ ಗೀರಬೇಡಿ.

ಚಳಿಗೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಯೊಳಗಾಗಲಿ, ಮುಚ್ಚಿದ ಹುಳು ಮನೆಯೊಳಗಾಗಲಿ ಇಟ್ಟು ಮಲಗಬೇಡಿ. ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಹೊಗೆ ಕೊಳವೆ ಹುಲ್ಲಿನ ಸೂರನ್ನು ಹಾದು ಹೋಗುವ ಕಡೆ ಸುತ್ತಲೂ ತಗಡು ಹಾಕಿಸಿ. ನೀರಿನಲ್ಲಿ ಕಾಯಿಲ್ ಇರುವಾಗ ಕೈ ಅದ್ದಬೇಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿ. ಕಂಬದ ಫ್ಯೂಸ್ ನೀವೇ ಹಾಕುವ ಸಾಹಸ ಬೇಡ, 1912ಕ್ಕೆ ಕರೆ ಮಾಡಿ ವಿದ್ಯುತ್ ಕಂಪನಿ ಸೆಸ್ಕ್‌ನವರನ್ನು ಕರೆಸಿ.

ಸೋಲಾರ್ ಪಂಪ್‌ಸೆಟ್ಟಿನ ಕುಸುಮ್ ಯೋಜನೆಯ ಹೆಸರಿನಲ್ಲಿ ನಕಲಿ ವೆಬ್‌ಸೈಟುಗಳಿವೆ ಎಂದು ಕೇಂದ್ರ ಸರ್ಕಾರವೇ ಎಚ್ಚರಿಸಿದೆ. ಫೋನಿನಲ್ಲಿ ಬಂದ ಲಿಂಕಿಗೆ ನೋಂದಣಿ ಶುಲ್ಕ ಕಟ್ಟಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೊಸ ಒಲೆ ಕಟ್ಟಿಸಿ ಹಳೆಯದನ್ನೂ ಹಾಗೇ ಉಳಿಸಿಕೊಳ್ಳುವುದು ಮೊದಲನೆಯದು. ಹೊಸದಕ್ಕೆ ಸೌದೆ ಸೀಳಬೇಕು, ಹಳೆಯದಕ್ಕೆ ಇಡೀ ದಿಮ್ಮಿ ತೂರಿದರೂ ನಡೆಯುತ್ತದೆ. ಹಾಗಾಗಿ ಒಂದು ತಿಂಗಳಲ್ಲಿ ಕೈ ಹಳೆಯದಕ್ಕೇ ಹೋಗುತ್ತದೆ. ಸೌದೆ ಸೀಳುವ ಕೆಲಸ ಯಾರದು ಎಂಬುದನ್ನು ಒಲೆ ಕಟ್ಟಿಸುವ ದಿನವೇ ಮನೆಯಲ್ಲಿ ಕೂತು ತೀರ್ಮಾನಿಸಿ. ಅದು ಗಂಡಸರ ಕೆಲಸವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಡುಗೆ ಮಾಡುವವರ ಮೇಲೆಯೇ ಅದನ್ನೂ ಹೊರಿಸಿದರೆ ಎಂಥ ಒಳ್ಳೆಯ ಒಲೆಯೂ ಉಳಿಯುವುದಿಲ್ಲ.

ಹೊಗೆ ಕೊಳವೆಯನ್ನು ತಿಂಗಳಿಗೊಮ್ಮೆ ಶುಚಿ ಮಾಡದಿರುವುದು ಎರಡನೆಯದು. ಮಸಿ ಕಟ್ಟಿದ ಕೊಳವೆ ಹೊಗೆಯನ್ನು ಮನೆಯೊಳಕ್ಕೇ ತಳ್ಳುತ್ತದೆ, ಆಮೇಲೆ ಒಲೆಯ ಮೇಲೆ ದೂರು. ಉಜ್ವಲಾ ಯೋಜನೆಯಲ್ಲಿ ಬಂದ ಸಿಲಿಂಡರನ್ನು ಅಲಂಕಾರಕ್ಕೆ ಇಡುವುದು ಮೂರನೆಯದು. ಬೆಳಗಿನ ಕಾಫಿ, ಮಕ್ಕಳ ತಿಂಡಿ, ಕುಕ್ಕರ್ ಇಷ್ಟನ್ನಾದರೂ ಗ್ಯಾಸಿನಲ್ಲಿ ಮಾಡಿದರೆ ಒಲೆಯ ಮುಂದೆ ಹೊಗೆ ಕುಡಿಯುವ ಹೊತ್ತು ಕಡಿಮೆಯಾಗುತ್ತದೆ.

ದೀಪ ಬದಲಾಯಿಸಿ ಫ್ಯಾನ್ ಮರೆಯುವುದು ಇನ್ನೊಂದು. 60 ವ್ಯಾಟಿನ ಬಲ್ಬಿನ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ ಬಹುತೇಕ ಎಲ್ಲರ ಮನೆಗೂ ಬಂದಿದೆ. ಹಳೆಯ 75 ವ್ಯಾಟಿನ ಫ್ಯಾನು ಮಾತ್ರ ರಾತ್ರಿಯಿಡೀ ತಿರುಗುತ್ತಿರುತ್ತದೆ. ಅದು ಕೆಟ್ಟಾಗ ಮತ್ತೆ ಸುತ್ತಿಸುವ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ತನ್ನಿ.

ಈ ಪಟ್ಟಿಯ ಬಹುಪಾಲು ಕೆಲಸ ಒಂದು ಮನೆ ತಾನೇ ಮಾಡಿಕೊಳ್ಳಬಲ್ಲದು. ಒಂದು ಮಾತ್ರ ಊರು ಸೇರಿ ಮಾಡಬೇಕಾದ್ದು. ಒಲೆ ಕಟ್ಟಲು, ಗೋಬರ್ ಗ್ಯಾಸ್ ಬರ್ನರ್ ರಿಪೇರಿ ಮಾಡಲು, ಬ್ಯಾಟರಿ ನೋಡಿಕೊಳ್ಳಲು ಬಲ್ಲವರು ಹತ್ತಿರದಲ್ಲಿ ಇಲ್ಲದ ಕಾರಣಕ್ಕೇ ಒಳ್ಳೆಯ ಸಾಧನಗಳು ಮೂಲೆ ಸೇರಿವೆ. ಮುಂದಿನ ಗ್ರಾಮ ಸಭೆಗೆ ಹೋಗಿ, ಪ್ರತಿ ಪಂಚಾಯಿತಿಯಿಂದ ಒಬ್ಬ ಯುವಕ, ಒಬ್ಬ ಯುವತಿಗೆ ಈ ಮೂರು ಕೆಲಸಗಳ ತರಬೇತಿ ಕೊಡಿಸಬೇಕೆಂದು ಕೇಳಿ, ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ ಬನ್ನಿ.